ಲಿಥಿಯಂ ಮತ್ತು ಬಾಣಂತಿ ಸನ್ನಿ

ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ನಿದ್ದೆಗೆಟ್ಟು, ಒಮ್ಮೆ ಅತಿಯಾಗಿ ಮಾತಾಡಿ ಒಮ್ಮೆ ಮಂಕಾಗಿ, ಇಲ್ಲದ್ದನ್ನು ಕಂಡಂತೆ ವರ್ತಿಸಿದರೆ ಅದಕ್ಕೆ ಕನ್ನಡದಲ್ಲಿ 'ಬಾಣಂತಿ ಸನ್ನಿ' ಎಂಬ ಹೆಸರಿದೆ. ಗಾಳಿ, ಶೀತ, ದೆವ್ವ ಎಂದು ಕಾರಣ ಹೇಳುವವರಿಗೇನೂ ಕೊರತೆಯಿಲ್ಲ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ಈ ಕಾಯಿಲೆ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ದ್ವಿಧ್ರುವ ಮನೋವ್ಯಾಧಿಯುಳ್ಳ ಸ್ತ್ರೀಯರಲ್ಲಿ ಸುಮಾರು ಐವರಲ್ಲಿ ಒಬ್ಬರನ್ನು ಕಾಡಬಹುದು.

ಹಲಸಿ, ಖಾನಾಪುರ, ಬೆಳಗಾವಿಯ ಸೀಮೆಗೆ ಹತ್ತಿರದ ಹಳೆಯ ಮಾನಸಿಕ ಆಸ್ಪತ್ರೆ ಧಾರವಾಡದ್ದು. 1845ರಲ್ಲಿ ಆರಂಭವಾದ ಅದು ಇಂದಿನ ಡಿಮ್ಹಾನ್ಸ್. ಮೊದಲ ನೂರು ವರ್ಷ ಇಂಥ ಆಸ್ಪತ್ರೆಗಳಲ್ಲಿ ರೋಗಿಯನ್ನು ಕಾಯುವುದಕ್ಕಿಂತ ಹೆಚ್ಚೇನೂ ಸಾಧ್ಯವಿರಲಿಲ್ಲ.

1949ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಮೆಲ್ಬರ್ನ್ ಬಳಿಯ ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಯಲ್ಲಿ ಹತ್ತು ಉನ್ಮಾದ ರೋಗಿಗಳಿಗೆ ಲಿಥಿಯಂ ಲವಣ ಕೊಟ್ಟ ವರದಿಯನ್ನು ಪ್ರಕಟಿಸಿದರು. ಉನ್ಮಾದ ಇಳಿಯಿತು. ಹತ್ತೂ ಮಂದಿ ಗಂಡಸರೆಂಬುದನ್ನು ಗಮನಿಸಿ. ಆದರೆ ಮೊದಲು ಗುಣ ಕಂಡ ರೋಗಿಯೇ ಮರುವರ್ಷ ಲಿಥಿಯಂ ವಿಷವೇರಿ ತೀರಿಕೊಂಡ. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯಲೇಬೇಕಾಯಿತು. ಇಲ್ಲಿ ನೆರವಿಗೆ ಬಂದದ್ದು ನಮ್ಮ ರೋಹಿತ ವಿಜ್ಞಾನ. ಜ್ವಾಲೆಯಲ್ಲಿ ಲಿಥಿಯಂ ಪರಮಾಣು 670.8 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಸೂಸುತ್ತದೆ. ಆ ಬೆಳಕಿನ ತೀವ್ರತೆಯೇ ಅಳತೆ. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಔಷಧ, 1.5 ದಾಟಿದರೆ ವಿಷ.

ಗರ್ಭಿಣಿಯ ವಿಷಯದಲ್ಲಿ ಈ ಲೆಕ್ಕ ಜಟಿಲ. ಆಕೆಯ ಮೂತ್ರಪಿಂಡ ಸುಮಾರು ಶೇ. 50ರಷ್ಟು ಹೆಚ್ಚು ಸೋಸುವುದರಿಂದ ಅದೇ ಮಾತ್ರೆಗೆ ರಕ್ತದ ಲಿಥಿಯಂ ಇಳಿಯುತ್ತದೆ. ಹೆರಿಗೆಯ ನಂತರ ಮತ್ತೆ ಏರುತ್ತದೆ. ಸನ್ನಿಯ ಅಪಾಯವೂ ಆಗಲೇ. ಹಾಗಾಗಿ ಪದೇ ಪದೇ ರಕ್ತಪರೀಕ್ಷೆ ಅನಿವಾರ್ಯ. ಭ್ರೂಣದ ಹೃದಯಕ್ಕೆ ಲಿಥಿಯಂ ಭಾರಿ ಅಪಾಯವೆಂಬ 1970ರ ದಶಕದ ಭಯದಿಂದ ಎಷ್ಟೋ ಕಡೆ ಔಷಧವನ್ನೇ ನಿಲ್ಲಿಸುತ್ತಿದ್ದರು. 2017ರ ಅಮೆರಿಕದ ಅಧ್ಯಯನದಲ್ಲಿ ಹೃದಯದ ದೋಷ ಕಂಡದ್ದು ಲಿಥಿಯಂ ಪಡೆದವರ ನೂರು ಶಿಶುಗಳಲ್ಲಿ 2.4, ಪಡೆಯದವರಲ್ಲಿ 1.15. ಅಪಾಯವಿದೆ, ಹಿಂದೆ ಹೆದರಿಸಿದಷ್ಟಿಲ್ಲ. ಭ್ರೂಣಕ್ಕೆ ಇದಕ್ಕಿಂತ ಕೆಡುಕಿನದು ವಾಲ್ಪ್ರೊಯೇಟ್. ಹೆರುವ ವಯಸ್ಸಿನವರಿಗೆ ಅದನ್ನು ಕೊಡದಿರುವುದೇ ಲೇಸು. ಇವೆಲ್ಲ ವೈದ್ಯರೊಡನೆ ಕೂತು ನಿರ್ಧರಿಸಬೇಕಾದ ಸಂಗತಿಗಳು. ತಾವೇ ಮಾತ್ರೆ ಬಿಡುವುದು ಸಲ್ಲದು. ಮುಟ್ಟು ನಿಂತ ಮೇಲೆ, ವಯಸ್ಸಾದಂತೆ ಮೂತ್ರಪಿಂಡ ನಿಧಾನಿಸುತ್ತದೆ. ಆಗ ಪ್ರಮಾಣ ತಗ್ಗಿಸಬೇಕು, ಥೈರಾಯಿಡ್ ಮೇಲೂ ಕಣ್ಣಿಡಬೇಕು.

ಬಾಣಂತಿಯನ್ನು ಆಸ್ಪತ್ರೆಗೆ ಸೇರಿಸಿದರೆ ಕೂಸಿನ ಗತಿಯೇನು? ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡನ್ನು ತೆರೆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 21ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ.