ಇಯಾನ್ ಮೆಕ್‌ಡೊನಾಲ್ಡ್ ಮತ್ತು ಕ್ವೀನ್ ಸ್ಕ್ವೇರಿನ ಎಂಆರ್‌ಐ ಘಟಕ

ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಇಂದು ನರರೋಗ ತಜ್ಞರು ನೆಚ್ಚಿಕೊಂಡಿರುವ ನಿಯಮಗಳಿಗೆ ‘ಮೆಕ್‌ಡೊನಾಲ್ಡ್ ಮಾನದಂಡ’ ಎಂದು ಹೆಸರು. ಆ ಹೆಸರಿನ ಹಿಂದಿರುವ ವಿಲಿಯಂ ಇಯಾನ್ ಮೆಕ್‌ಡೊನಾಲ್ಡ್ 1933ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಹುಟ್ಟಿದರು, ಡನೀಡನ್‌ನ ಒಟಾಗೊ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿದರು, 1963ರಲ್ಲಿ ಲಂಡನ್ನಿಗೆ ಬಂದರು. ವೃತ್ತಿಜೀವನದ ಬಹುಪಾಲು ಕಳೆದದ್ದು ಕ್ವೀನ್ ಸ್ಕ್ವೇರ್ ಎಂಬ ಚೌಕದಲ್ಲಿರುವ ರಾಷ್ಟ್ರೀಯ ನರರೋಗ ಆಸ್ಪತ್ರೆಯಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ನರವಿಜ್ಞಾನ ಸಂಸ್ಥೆಯಲ್ಲಿ. ಮೆದುಳಿನ ಚಿತ್ರಗಳಿಂದ ಅವರಿಗೆ ಪ್ರಸಿದ್ಧಿ ಬಂತು, ನಿಜ. ಆದರೆ ಅಂಥ ಚಿತ್ರ ತೆಗೆಯುವ ಯಂತ್ರ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರ ಸಂಶೋಧನೆಗೆ ಬುನಾದಿ ಬಿದ್ದಿತ್ತು.

ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳಲ್ಲಿ ಅಲ್ಲಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಕೆಟ್ಟ ಜಾಗ ಗಟ್ಟಿಯಾಗಿ ಕಲೆಯಾಗುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಜ್ಯಾಂ ಮಾರ್ಟಿನ್ ಶಾರ್ಕೊ ಈ ರೋಗದ ಸ್ಪಷ್ಟ ವರ್ಣನೆ ಕೊಟ್ಟಾಗ ಆ ಕಲೆಗಳನ್ನು ನೋಡಲು ಇದ್ದ ದಾರಿ ಒಂದೇ, ಶವಪರೀಕ್ಷೆ. ಮುಂದೆ ನೂರು ವರ್ಷ ಕಳೆದರೂ ಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. ಬದುಕಿರುವ ರೋಗಿಯ ಮುಂದೆ ವೈದ್ಯರ ಕೈಯಲ್ಲಿದ್ದದ್ದು ಲಕ್ಷಣಗಳ ಪಟ್ಟಿ ಮಾತ್ರ: ಕಣ್ಣು ಮಂಜಾಗುವುದು, ಕಾಲು ಸೋಲುವುದು, ಮೈ ಜೋಮು ಹಿಡಿಯುವುದು, ಕೆಲವು ವಾರ ಕಾಡಿ ತಾನಾಗಿ ಸರಿಹೋಗುವುದು, ಮತ್ತೆ ಮರುಕಳಿಸುವುದು.

ಹೊದಿಕೆ ಕಳೆದುಕೊಂಡ ನರತಂತುವಿಗೆ ಏನಾಗುತ್ತದೆ? ಮೆಕ್‌ಡೊನಾಲ್ಡ್ ಡನೀಡನ್‌ನಲ್ಲಿ ಕೈಗೆತ್ತಿಕೊಂಡ ಪ್ರಶ್ನೆ ಇದು. ಡಿಫ್ತೀರಿಯಾ ವಿಷಕ್ಕೆ ನರತಂತುವನ್ನು ಉಳಿಸಿ ಮಯಲಿನ್ನನ್ನು ಮಾತ್ರ ಕೆಡಿಸುವ ಗುಣವಿದೆ. ಅದನ್ನು ಬಳಸಿ ಬೆಕ್ಕುಗಳ ನರಗಳಲ್ಲಿ ನಡೆಸಿದ ಪ್ರಯೋಗಗಳು 1963ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಪ್ರಕಟವಾದವು. ಲಂಡನ್ನಿನಲ್ಲಿ ಟಾಮ್ ಸಿಯರ್ಸ್ ಜೊತೆ ಇದೇ ವಿಧಾನವನ್ನು ಬೆನ್ನುಹುರಿಗೆ ಅನ್ವಯಿಸಿದ 1970ರ ಲೇಖನ ಇಡೀ ಕ್ಷೇತ್ರಕ್ಕೆ ತಳಹದಿಯಾಯಿತು. ಕೆಟ್ಟ ಜಾಗದಲ್ಲಿ ಸಂಕೇತ ನಿಲ್ಲುತ್ತದೆ, ಇಲ್ಲವೇ ನಿಧಾನವಾಗುತ್ತದೆ. ಅದರ ಆಚೆಗೂ ಈಚೆಗೂ ಅದೇ ತಂತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದರ ಹಿಂದೊಂದು ವೇಗವಾಗಿ ಬರುವ ಸಂಕೇತಗಳನ್ನು ಕೆಟ್ಟ ಭಾಗ ದಾಟಿಸಲಾರದು. ತಂತು ಸತ್ತಿಲ್ಲ ಎನ್ನುವುದೇ ಇಲ್ಲಿಯ ದೊಡ್ಡ ಮಾತು. ಲಕ್ಷಣಗಳು ಬಂದು ಹೋಗುವುದಕ್ಕೆ ಇದರಿಂದ ಒಂದು ಕಾರಣ ಸಿಕ್ಕಿತು. 1979ರಲ್ಲಿ ಕೆನೆತ್ ಸ್ಮಿತ್ ಮತ್ತು ಬಿಲ್ ಬ್ಲೇಕ್‌ಮೋರ್ ಜೊತೆ ‘ನೇಚರ್’ ಪತ್ರಿಕೆಗೆ ಬರೆದ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಯಲಿನ್ ಮತ್ತೆ ಬೆಳೆದರೆ ಸಂಕೇತದ ಓಟವೂ ಮರಳುತ್ತದೆ ಎಂದು ಅದು ತೋರಿಸಿತು.

ಪ್ರಯೋಗಶಾಲೆಯಲ್ಲಿ ಕಂಡ ಈ ನಿಧಾನವನ್ನು ರೋಗಿಯ ತಲೆಯ ಮೇಲೆಯೇ ಅಳೆಯಲು ಸಾಧ್ಯವಾದದ್ದು 1972ರಲ್ಲಿ. ಮಾರ್ಟಿನ್ ಹ್ಯಾಲಿಡೇ, ಮೆಕ್‌ಡೊನಾಲ್ಡ್ ಮತ್ತು ಜೋನ್ ಮುಷಿನ್ ಆರಿಸಿಕೊಂಡದ್ದು ದೃಷ್ಟಿನರ ಊದಿಕೊಂಡು ಕಣ್ಣು ಮಂಜಾದವರನ್ನು. ಕಪ್ಪು ಬಿಳುಪು ಚೌಕಗಳ ಹಾಸು ಕಣ್ಣೆದುರು ಅದಲುಬದಲಾಗುತ್ತಿದ್ದರೆ ತಲೆಯ ಹಿಂಭಾಗಕ್ಕೆ ಅಂಟಿಸಿದ ತಂತಿಗಳು ಮೆದುಳಿನ ಸ್ಪಂದನವನ್ನು ದಾಖಲಿಸುತ್ತವೆ. ಆರೋಗ್ಯವಂತರಲ್ಲಿ ಅದು ಸುಮಾರು 100 ಮಿಲಿಸೆಕೆಂಡಿಗೆ ಕಾಣಿಸುತ್ತದೆ. ಈ ರೋಗಿಗಳಲ್ಲಿ ಅದು ತಡವಾಗಿ ಬಂತು. ದೃಷ್ಟಿ ಪೂರ್ತಿ ಮರಳಿದ ಮೇಲೂ ತಡ ಉಳಿದೇ ಇತ್ತು. ಕಣ್ಣಿನ ತೊಂದರೆಯನ್ನೇ ಕಾಣದ ಎಷ್ಟೋ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲೂ ಇದೇ ತಡ ಸಿಕ್ಕಿತು. ರೋಗಿಗೆ ಅರಿವೇ ಇಲ್ಲದ ಗಾಯವನ್ನು ಹೊರಗಿನಿಂದ ಪತ್ತೆಹಚ್ಚುವ ಪರೀಕ್ಷೆಯೊಂದು ಹೀಗೆ ವೈದ್ಯರ ಕೈಗೆ ಬಂತು.

ಅದೇ ಗಾಯವನ್ನು ಚಿತ್ರದಲ್ಲಿ ತೋರಿಸುವ ಕೆಲಸ ಆರಂಭವಾದದ್ದು ಲಂಡನ್ನಿನ ಇನ್ನೊಂದು ಮೂಲೆಯಲ್ಲಿ. 1981ರಲ್ಲಿ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಇಯಾನ್ ಯಂಗ್, ಗ್ರೇಮ್ ಬೈಡರ್ ಮತ್ತು ಸಂಗಡಿಗರು ಹತ್ತು ರೋಗಿಗಳನ್ನು ಹೊಸ ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿದರು. ಸಿಟಿ ಸ್ಕ್ಯಾನ್ ಒಟ್ಟು 19 ಕಲೆಗಳನ್ನು ತೋರಿಸಿದರೆ ಎಂಆರ್‌ಐ ಅವುಗಳ ಜೊತೆಗೆ ಇನ್ನೂ 112 ಕಲೆಗಳನ್ನು ತೋರಿಸಿತು. ಈ ಅಂತರದ ಅರ್ಥವನ್ನು ಮೆಕ್‌ಡೊನಾಲ್ಡ್ ಕೂಡಲೇ ಗ್ರಹಿಸಿದರು. ಬ್ರಿಟನ್ನಿನ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಹಣ ಒದಗಿಸಿತು. ರೋಗಿಗಳ ಮತ್ತು ಅವರ ಮನೆಯವರ ಹಿತಕ್ಕಾಗಿ ಹುಟ್ಟಿದ ಆ ಸಂಘದ ನೆರವಿನಿಂದ ಇದೊಂದೇ ರೋಗದ ಅಧ್ಯಯನಕ್ಕೆಂದು ಕ್ವೀನ್ ಸ್ಕ್ವೇರಿನಲ್ಲಿ ಎಂಆರ್‌ಐ ಸಂಶೋಧನಾ ಘಟಕ ತಲೆಯೆತ್ತಿತು. ಈ ರೋಗದ ಚರಿತ್ರೆಯಲ್ಲಿ ವಿಜ್ಞಾನಿಗಳಿಗೆ ಸಲ್ಲುವಷ್ಟೇ ಗೌರವ ಆ ಸಂಘಕ್ಕೂ ಸಲ್ಲಬೇಕು.

ಘಟಕದ ಕೆಲಸದಲ್ಲಿ ಅತ್ಯಂತ ಫಲವತ್ತಾದದ್ದು ಒಬ್ಬನೇ ರೋಗಿಯನ್ನು ಮತ್ತೆ ಮತ್ತೆ ಚಿತ್ರಿಸುವ ಕ್ರಮ. ಒಂದು ಬಾರಿಯ ಚಿತ್ರದಲ್ಲಿ ಹಳೆಯ ಕಲೆ, ಹೊಸ ಕಲೆ ಎಲ್ಲವೂ ಒಂದೇ ರೀತಿ ಬೆಳ್ಳಗೆ ಕಾಣುತ್ತವೆ. ರಕ್ತನಾಳಕ್ಕೆ ಗ್ಯಾಡೊಲಿನಿಯಂ ಕೊಟ್ಟು ಚಿತ್ರ ತೆಗೆದರೆ, ರಕ್ತನಾಳದ ತಡೆಗೋಡೆ ಒಡೆದು ಸೋರುತ್ತಿರುವ ಹೊಸ ಕಲೆ ಮಾತ್ರ ಹೊಳೆಯುತ್ತದೆ. ಡೇವಿಡ್ ಮಿಲ್ಲರ್ ಮತ್ತು ಇತರರು 1988ರಲ್ಲಿ ಇದನ್ನು ಸರಣಿ ಚಿತ್ರಗಳಲ್ಲಿ ನಿರೂಪಿಸಿದರು. 1990ರ ಇನ್ನೊಂದು ಲೇಖನದ ಪ್ರಕಾರ ಈ ಸೋರಿಕೆ ರೋಗಲಕ್ಷಣಕ್ಕೂ ಮೊದಲು, ಚಿತ್ರದ ಬೇರೆ ಬದಲಾವಣೆಗಳಿಗೂ ಮೊದಲು ಕಾಣಿಸಿಕೊಳ್ಳಬಲ್ಲದು. ರೋಗಿ ಆರಾಮಾಗಿದ್ದೇನೆ ಎಂದುಕೊಂಡ ತಿಂಗಳುಗಳಲ್ಲೂ ಹೊಸ ಕಲೆಗಳು ಏಳುತ್ತಿದ್ದವು. ಮಲ್ಟಿಪಲ್ ಸ್ಕ್ಲೆರೋಸಿಸ್ ಬಿಟ್ಟು ಬಿಟ್ಟು ಬರುವ ರೋಗವೆಂಬ ಹಳೆಯ ಕಲ್ಪನೆಯನ್ನು ಈ ಚಿತ್ರಗಳು ಅಲುಗಾಡಿಸಿದವು.

ಮೊದಲ ಬಾರಿ ಕಣ್ಣು ಮಂಜಾಗಿಯೋ ಕಾಲು ಸೋತೋ ಬಂದವರನ್ನು 1984ರಿಂದ 1987ರವರೆಗೆ ಘಟಕ ಅಧ್ಯಯನಕ್ಕೆ ಸೇರಿಸಿಕೊಂಡಿತು, ದಶಕಗಟ್ಟಲೆ ಅವರ ಕೈಬಿಡಲಿಲ್ಲ. ಹದಿನಾಲ್ಕು ವರ್ಷಗಳ ನಂತರ 71 ಜನರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಮೊದಲ ಚಿತ್ರದಲ್ಲೇ ಕಲೆಗಳಿದ್ದ 50 ಜನರಲ್ಲಿ 44 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿತ್ತು. ಚಿತ್ರ ಶುಭ್ರವಾಗಿದ್ದ 21 ಜನರಲ್ಲಿ ನಾಲ್ವರಿಗೆ ಮಾತ್ರ. ಮುಂದೇನು ಎಂದು ಕೇಳುವ ರೋಗಿಗೆ ವೈದ್ಯರು ಅಂಕಿ ಇಟ್ಟುಕೊಂಡು ಉತ್ತರಿಸಬಹುದಾಯಿತು.

ಹಾಗೆಂದು ಬಿಳಿ ಕಲೆಯೇ ರೋಗವಲ್ಲ. ತುಂಬ ಕಲೆಗಳಿದ್ದವರು ಸಲೀಸಾಗಿ ನಡೆದಾಡುತ್ತಿದ್ದರು, ಕೆಲವೇ ಕಲೆಗಳಿದ್ದವರು ಗಾಲಿಕುರ್ಚಿ ಹಿಡಿದಿದ್ದರು. ನರತಂತುವಿನ ಶರೀರಕ್ರಿಯೆಯಿಂದ ಹೊರಟಿದ್ದ ಮೆಕ್‌ಡೊನಾಲ್ಡ್ ಅವರಿಗೆ ಇದು ಅನಿರೀಕ್ಷಿತವೇನೂ ಆಗಿರಲಾರದು. ಊತ, ಮಯಲಿನ್ ನಷ್ಟ, ತಂತುವಿನ ಸಾವು ಮೂರೂ ಚಿತ್ರದಲ್ಲಿ ಒಂದೇ ಬಿಳುಪಾಗಿ ತೋರುತ್ತವೆ, ರೋಗಿಗೆ ಮಾತ್ರ ಮೂರೂ ಬೇರೆ ಬೇರೆ. ಆದ್ದರಿಂದ ಘಟಕದವರು ಕಲೆ ಎಣಿಸುವುದರಾಚೆಗೂ ನೋಡಿದರು. 1996ರಲ್ಲಿ ನಿಕ್ ಲೊಸೆಫ್ ಮತ್ತು ಸಂಗಡಿಗರು ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ದಪ್ಪ ಅಳೆದರು. ಹುರಿ ಸೊರಗಿದಷ್ಟೂ ಅಂಗವೈಕಲ್ಯ ಹೆಚ್ಚು ಎಂಬ ಗಾಢ ಸಂಬಂಧ ಕಂಡುಬಂತು.

ರೋಗನಿರ್ಣಯದ ನಿಯಮಗಳು ಮಾತ್ರ ಇನ್ನೂ ಹಳೆಯವೇ ಆಗಿದ್ದವು. ಜಾರ್ಜ್ ಶೂಮಾಕರ್ 1965ರಲ್ಲಿ, ಚಾರ್ಲ್ಸ್ ಪೋಸರ್ 1983ರಲ್ಲಿ ರೂಪಿಸಿದ ನಿಯಮಗಳ ಸಾರ ಇಷ್ಟು: ನರಮಂಡಲದ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ದಾಳಿ ನಡೆದಿರಬೇಕು. ಎರಡನೆಯ ದಾಳಿ ಬರುವ ತನಕ ರೋಗಿ ಕಾಯಬೇಕಿತ್ತು, ಕೆಲವೊಮ್ಮೆ ವರ್ಷಗಟ್ಟಲೆ. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಅಮೆರಿಕದಲ್ಲಿ ಮಂಜೂರಾಗಿ ಚಿಕಿತ್ಸೆಯ ಯುಗ ತೆರೆದ ಮೇಲೆ ಈ ಕಾಯುವಿಕೆ ಸಹಿಸುವಂಥದ್ದಾಗಿ ಉಳಿಯಲಿಲ್ಲ. ಮೆಕ್‌ಡೊನಾಲ್ಡ್ ಮುಂದಾಳತ್ವದ ಅಂತರರಾಷ್ಟ್ರೀಯ ತಂಡವೊಂದು 2000ದಲ್ಲಿ ಲಂಡನ್ನಿನಲ್ಲಿ ಸೇರಿತು. ಅದರ ವರದಿ 2001ರಲ್ಲಿ ‘ಆನಲ್ಸ್ ಆಫ್ ನ್ಯೂರಾಲಜಿ’ಯಲ್ಲಿ ಬಂತು. ಮೂರು ತಿಂಗಳ ನಂತರದ ಚಿತ್ರದಲ್ಲಿ ಹೊಸ ಚಟುವಟಿಕೆ ಕಂಡರೆ ಅದನ್ನೇ ಎರಡನೆಯ ಘಟನೆ ಎಂದು ಪರಿಗಣಿಸಲು ಆ ವರದಿ ದಾರಿ ಮಾಡಿತು.

1991ರಿಂದ 1997ರವರೆಗೆ ಮೆಕ್‌ಡೊನಾಲ್ಡ್ ‘ಬ್ರೇನ್’ ಪತ್ರಿಕೆಯ ಸಂಪಾದಕರಾಗಿದ್ದರು, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಹಾರ್ವೇಯನ್ ಗ್ರಂಥಪಾಲಕರಾದರು. ಪಿಯಾನೊ ಅವರ ಜೀವದ ಒಲವು. 2004ರಲ್ಲಿ ಪಾರ್ಶ್ವವಾಯು ತಗುಲಿ ಸಂಗೀತದ ಸ್ವರಲಿಪಿ ಓದುವ ಶಕ್ತಿ ಹೋಯಿತು. ಪಟ್ಟುಬಿಡದೆ ಅಭ್ಯಾಸ ಮಾಡುತ್ತ, ಏನು ಯಾವಾಗ ಮರಳಿತು ಎಂಬುದನ್ನು ಗಮನಿಸುತ್ತ, ಕೊನೆಗೆ ತಮ್ಮದೇ ಪ್ರಕರಣವನ್ನು 2006ರಲ್ಲಿ ‘ಬ್ರೇನ್’ನಲ್ಲಿ ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಮಾನದಂಡಗಳು 2005, 2010 ಮತ್ತು 2017ರಲ್ಲಿ ಪರಿಷ್ಕಾರಗೊಂಡವು. 2010ರಲ್ಲಿ ಏಷ್ಯಾದ ರೋಗಿಗಳ ವಿಚಾರವೂ ಚರ್ಚೆಗೆ ಬಂತು, ಏಕೆಂದರೆ ಇಲ್ಲಿ ದೃಷ್ಟಿನರ ಮತ್ತು ಬೆನ್ನುಹುರಿಯನ್ನು ಕಾಡುವ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಬೇರೆ ರೋಗವನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ತಪ್ಪಾಗಿ ತಿಳಿಯುವ ಅಪಾಯವಿದೆ. ಕಲೆಗಳನ್ನು ಹುಡುಕಬೇಕಾದ ಜಾಗಗಳು ಬಹುಕಾಲ ನಾಲ್ಕೇ ಇದ್ದವು, ಮೂರು ಮೆದುಳಿನಲ್ಲಿ ಮತ್ತು ಒಂದು ಬೆನ್ನುಹುರಿಯಲ್ಲಿ. 2024ರಲ್ಲಿ ಮಂಡನೆಯಾಗಿ 2025ರಲ್ಲಿ ಪ್ರಕಟವಾದ ಪರಿಷ್ಕರಣೆ ಐದನೆಯ ಜಾಗವಾಗಿ ದೃಷ್ಟಿನರವನ್ನು ಸೇರಿಸಿಕೊಂಡಿತು. ಅಲ್ಲಿ ಗಾಯವಿದೆಯೆಂದು ಸಾಬೀತುಪಡಿಸಲು ಅದು ಒಪ್ಪುವ ಪರೀಕ್ಷೆಗಳಲ್ಲಿ ಒಂದು, 1972ರಲ್ಲಿ ಕ್ವೀನ್ ಸ್ಕ್ವೇರಿನ ಮೂವರು ಸಂಕೇತದ ತಡ ಅಳೆದ ಆ ಪರೀಕ್ಷೆ.