ಬಡಾವಣೆಯ ಸಂಘ, ಕೇರಿಯ ಕಲ್ಲು

ನಿವಾಸಿಗಳ ಸಂಘದ ಸಭೆ ಅಂದರೆ ಅಲ್ಲಿ ಏನೇನು ಮಾತಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ನೀರು ಬಂತಾ, ಬೀದಿದೀಪ ಯಾಕೆ ಉರೀತಿಲ್ಲ, ಕೆರೆಗೆ ಕೊಳಚೆ ಬಿಡ್ತಿರೋದು ಯಾರು, ರಾತ್ರಿ ಕಾವಲಿಗೆ ಯಾರಿದ್ದಾರೆ, ಈ ತಿಂಗಳ ನಿರ್ವಹಣೆ ಹಣ ಯಾರು ಕೊಟ್ಟಿಲ್ಲ. ಇತ್ತೀಚೆಗೆ ಬೆಂಗಳೂರಿನ ಕೆಲವು ಬಡಾವಣೆಗಳವರು ಶಾಸನಗಳ ಬಗ್ಗೆ ಮಾತಾಡೋಕೆ ನನ್ನನ್ನು ಕರೆಯುತ್ತಿದ್ದಾರೆ. ಸಾಮಾನ್ಯವಾಗಿ ನನ್ನ ಸರದಿ ಬರೋದು ಕೊನೆಯಲ್ಲಿ, ಕಾಫಿಗೆ ಸ್ವಲ್ಪ ಮೊದಲು. ಅಷ್ಟರವರೆಗೆ ಸಭೆಯ ಕಲಾಪ ಕೇಳುತ್ತಾ ಕೂತಿರುವಾಗ ನನಗೆ ಅನ್ನಿಸೋದು ಒಂದೇ: ಇವರು ಮಾತಾಡುತ್ತಿರುವ ಒಂದೊಂದು ವಿಷಯಕ್ಕೂ ಒಂದೊಂದು ಶಾಸನ ತೋರಿಸಬಹುದು. ಅದೂ ದೂರದ ಹಂಪಿಯದೋ ಬಾದಾಮಿಯದೋ ಅಲ್ಲ, ಇದೇ ಊರಿನದು.

ಶಾಸನ ಅಂದ ಕೂಡಲೇ ರಾಜರ ಬಿರುದು, ವಂಶಾವಳಿ, ಯುದ್ಧ ಅಂತ ನಮಗೆ ಶಾಲೆಯಲ್ಲೇ ಅಭ್ಯಾಸ ಆಗಿದೆ. ರಾಜನ ಹೆಸರು ಬಹಳ ಶಾಸನಗಳಲ್ಲಿ ಮೊದಲಿಗೆ ಬರುತ್ತದೆ, ನಿಜ. ಆದರೆ ಅದು ಎಷ್ಟೋ ಸಲ ಕಾಲ ಹೇಳುವುದಕ್ಕೆ, ಇಂಥವರು ಆಳುತ್ತಿದ್ದಾಗ ಅಂತ. ಅದಾದ ಮೇಲೆ ಬರುವುದು ಊರಿನ ವ್ಯವಹಾರ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಗಡಿ ಎಲ್ಲಿ, ಸಾಕ್ಷಿ ಯಾರು, ಮುರಿದವರಿಗೆ ಏನು ಗತಿ. ಈಗಿನ ಸಂಘಗಳ ನಡಾವಳಿ ಪುಸ್ತಕದಲ್ಲೂ ಇರುವುದು ಇದೇ ಅಲ್ವಾ? ಅವರು ಕಲ್ಲಿನ ಮೇಲೆ ಬರೆಸಿ, ನಾಲ್ಕು ಜನ ಓಡಾಡುವ ಜಾಗದಲ್ಲಿ ನಿಲ್ಲಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೊದಲು ನೀರಿನ ವಿಷಯ ನೋಡಿ. ಎಚ್‌ಎಸ್‌ಆರ್ ಬಡಾವಣೆಯ ಪಕ್ಕದ ಅಗರದಲ್ಲಿ ಗಂಗರ ಕಾಲದ ಒಂದು ಶಾಸನವಿದೆ. ಕಾಲ ಸುಮಾರು ಕ್ರಿ.ಶ. 870. ಇರ್ವುಲಿಯೂರಿನ ಒಡೆಯ ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿದ, ಮೂಡಲಲ್ಲಿ ಇನ್ನೊಂದು ಕೆರೆ ಕಟ್ಟಿಸಿದ, ಅದಕ್ಕಾಗಿ ಬಿತ್ತುವಟ್ಟ ಪಡೆದ ಅಂತ ಅದು ಹೇಳುತ್ತದೆ. ಇರ್ವುಲಿಯೂರು ಅಂದರೆ ಈಗಿನ ಇಬ್ಬಲೂರು. ಹೊರವರ್ತುಲ ರಸ್ತೆಯ ವಾಹನ ಸಂದಣಿಯಲ್ಲಿ ದಿನಾ ಸಿಕ್ಕಿಬೀಳುವವರಿಗೆ ಆ ಜಂಕ್ಷನ್ನಿನ ಹೆಸರಿಗೆ ಸಾವಿರದ ನೂರೈವತ್ತು ವರ್ಷದ ದಾಖಲೆ ಇದೆ ಅಂತ ಹೇಳಿದರೆ ಒಂದು ಕ್ಷಣ ಸುಮ್ಮನಾಗುತ್ತಾರೆ.

ಬಿತ್ತುವಟ್ಟ ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆರೆ ಕಟ್ಟಿದವರಿಗೆ ಅಥವಾ ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದು ಪಾಲು ಬಿಟ್ಟುಕೊಡುವ ಏರ್ಪಾಡು ಅದು. ಕೆರೆಯೊಂದನ್ನು ಒಮ್ಮೆ ಕಟ್ಟಿ ಬಿಟ್ಟರೆ ಆಗಲ್ಲ. ಹೂಳು ತುಂಬುತ್ತೆ, ಏರಿ ಕುಸಿಯುತ್ತೆ, ತೂಬು ಒಡೆಯುತ್ತೆ. ವರ್ಷಾವರ್ಷ ದುಡ್ಡು ಬೇಕು, ಆಳು ಬೇಕು. ಆ ದುಡ್ಡು ಅದೇ ಕೆರೆಯ ನೀರಿನಿಂದ ಬೆಳೆದ ಬೆಳೆಯಿಂದ ಬರಲಿ ಅನ್ನುವ ಲೆಕ್ಕ. ಅಪಾರ್ಟ್‌ಮೆಂಟಿನವರು ಕೂಡಿಡುವ ನಿರ್ವಹಣಾ ನಿಧಿಯ ಹಿಂದಿನ ಯೋಚನೆಯೂ ಇಂಥದ್ದೇ.

ಇನ್ನೊಂದು ಉದಾಹರಣೆ ವೈಟ್‌ಫೀಲ್ಡ್ ಕಡೆಯದು. ಕಾಡುಗೋಡಿಯಲ್ಲಿ 1043ರ ಒಂದು ತಮಿಳು ಶಾಸನ ಇದೆ, ರಾಜೇಂದ್ರ ಚೋಳನ ಕಾಲದ್ದು. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬು ಇಡಿಸಿ, ಕ್ಷೇತ್ರಪಾಲ, ಗಣಪತಿ, ದುರ್ಗೆಯರನ್ನು ಪ್ರತಿಷ್ಠೆ ಮಾಡಿಸಿದ ವಿಷಯ ಅದರಲ್ಲಿದೆ. ಅಪ್ಪನ ಹೆಸರು ನೋಡಿ, ಪೆರ್ಮಾಡಿ ಗಾವುಂಡ, ಅಪ್ಪಟ ಈ ಸೀಮೆಯ ಹೆಸರು. ಮಗನದು ಚೋಳರ ಬಿರುದು. ರಾಜ್ಯ ಬದಲಾಯಿತು, ಬರೆಯುವ ಭಾಷೆ ಬದಲಾಯಿತು, ಮಗನ ಹೆಸರೂ ಬದಲಾಯಿತು. ಕೆರೆಗೆ ತೂಬು ಬೇಕು ಅನ್ನೋದು ಮಾತ್ರ ಬದಲಾಗಲಿಲ್ಲ. ಇವತ್ತು ಆ ಭಾಗದಲ್ಲಿ ಹತ್ತು ಭಾಷೆ ಆಡುವ ಜನ ಇದ್ದಾರೆ. "ನಾವು ಹೊರಗಿನಿಂದ ಬಂದವರು, ಇಲ್ಲಿಯ ಚರಿತ್ರೆ ನಮಗೇನು ಸಂಬಂಧ" ಅಂತ ಒಂದು ಸಭೆಯಲ್ಲಿ ಒಬ್ಬರು ಕೇಳಿದ್ದರು. ಅವರಿಗೆ ನಾನು ಕೊಟ್ಟ ಉತ್ತರ ಈ ಕಲ್ಲೇ. ಬೆಂಗಳೂರಿನ ಶಾಸನಗಳು ಕನ್ನಡದಲ್ಲಿವೆ, ತಮಿಳಿನಲ್ಲಿವೆ, ತೆಲುಗಿನಲ್ಲೂ ಇವೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಗೋಡೆ ಓದಿದರೆ ಆ ಊರಿಗೆ ದೇಶಿಮಾಣಿಕ್ಕಪಟ್ಟಣ ಅನ್ನುವ ಇನ್ನೊಂದು ಹೆಸರಿತ್ತು ಅಂತ ತಿಳಿಯುತ್ತೆ. ದೇಶಿ ಅಂದರೆ ಊರೂರು ತಿರುಗುವ ವರ್ತಕರ ಸಂಘ. ಬಂದವರೂ ಇದ್ದವರೂ ಸೇರಿಯೇ ಕಟ್ಟಿದ ಊರುಗಳು ಇವು.

ಇನ್ನು ವಂತಿಗೆಯ ವಿಷಯ. ಇದಕ್ಕೆ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಅದರ ಹಳೆಯ ಹೆಸರು ಪುಲಿಗೆರೆ, ಪೊರಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಕ್ರಿ.ಶ. 725ರ ಸುಮಾರಿಗೆ ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರ ವ್ಯವಸ್ಥೆ ಒಂದು ಕಂಬದ ಮೇಲಿದೆ, ಕನ್ನಡದಲ್ಲಿ. ಅರಸನ ಅಧಿಕಾರಿಗಳು ಏನನ್ನು ಕಾಯಬೇಕು, ಊರವರು ಏನು ಕೊಡಬೇಕು ಅಂತ ಎರಡೂ ಕಡೆಯ ಜವಾಬ್ದಾರಿ ಅದರಲ್ಲಿ ಬರೆದಿದೆ. ಯಾರೂ ವಾಸವಿಲ್ಲದ ಮನೆಗಳನ್ನು ಕಾಪಾಡುವುದು ಅಧಿಕಾರಿಗಳ ಕೆಲಸ. ಮನೆಗಳನ್ನು ಮೇಲಿನವು, ನಡುವಿನವು, ಕೆಳಗಿನವು ಅಂತ ಅಂತಸ್ತಿನ ಪ್ರಕಾರ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಮೊತ್ತ ಗೊತ್ತು ಮಾಡಿದೆ. ಕೆಲವು ದಂಡದ ಹಣ ಶ್ರೇಣಿಗೆ, ಅಂದರೆ ವೃತ್ತಿಸಂಘಕ್ಕೆ ಸೇರಬೇಕು ಅಂತಲೂ ಇದೆ. "ಎರಡು ಕೋಣೆಯ ಮನೆಗೂ ನಾಲ್ಕು ಕೋಣೆಯ ಮನೆಗೂ ಒಂದೇ ದರ ಯಾಕೆ" ಅಂತ ಸಭೆಗಳಲ್ಲಿ ಜಗಳ ಆಗುತ್ತಲ್ಲ, ಆ ಪ್ರಶ್ನೆಗೆ ಸಾವಿರದ ಮುನ್ನೂರು ವರ್ಷದ ಹಿಂದೆಯೇ ಒಂದು ಉತ್ತರ ಕೊಟ್ಟಿದ್ದರು.

ಆಮೇಲಿನ ಶತಮಾನಗಳಲ್ಲಿ ಇಂಥ ಸಂಘಗಳು ಎಲ್ಲೆಲ್ಲೂ ಕಾಣುತ್ತವೆ. ತೆಲ್ಲಿಗರ ಐವತ್ತೊಕ್ಕಲು ಅಂತ ಗಾಣಿಗರ ಸಂಘದ ಹೆಸರು ಹಲವು ಶಾಸನಗಳಲ್ಲಿ ಬರುತ್ತದೆ. ಗುಡಿಯ ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಅಂತ ಅವರೇ ಕೂತು ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಎಲೆ ಮಾರುವವರು ಎಲೆಯಲ್ಲಿ, ಧಾನ್ಯ ತರುವವರು ಹೇರಿನ ಲೆಕ್ಕದಲ್ಲಿ ಕೊಡುತ್ತಿದ್ದರು.

ಹಾಗಂತ ಅದೆಲ್ಲ ಸಮಾನರ ಸಭೆ ಅಂತ ತಿಳಿಯಬಾರದು. ಮಹಾಜನರು ಅಂದರೆ ಅಗ್ರಹಾರದ ಬ್ರಾಹ್ಮಣರು. ಕೇರಿಗಳು ಜಾತಿಯ ಪ್ರಕಾರ, ಕಸುಬಿನ ಪ್ರಕಾರ ಬೇರೆ ಬೇರೆ. ಕೆರೆಯ ಮಣ್ಣು ಹೊತ್ತವರ ಹೆಸರು ಕಲ್ಲಿನ ಮೇಲೆ ಬರಲಿಲ್ಲ, ತೂಬು ಇಡಿಸಿದವನ ಹೆಸರು ಬಂತು. ಈ ಕಲ್ಲುಗಳನ್ನು ಓದುವಾಗ ಯಾರು ಬರೆಸಿದರು ಅನ್ನುವುದರ ಜೊತೆಗೆ ಯಾರ ಹೆಸರು ಬಿಟ್ಟುಹೋಗಿದೆ ಅಂತಲೂ ನೋಡಬೇಕಾಗುತ್ತದೆ.

ಕಾವಲಿನ ವಿಷಯಕ್ಕೆ ಬಂದರೆ, ಅದನ್ನು ಹೇಳೋದು ವೀರಗಲ್ಲುಗಳು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಓದಿದಾಗ ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಬಹಳ ಹಳೆಯದು ಅದು. ಪೆರ್ಬೊಳಲ್ ನಾಡು ಮೂವತ್ತರ ಮೇಲೆ ದಾಳಿ ಆದಾಗ ಹೋರಾಡಿ ಸತ್ತ ಕಿತ್ತಯ್ಯನ ನೆನಪಿನ ಕಲ್ಲು. ಪೆರ್ಬೊಳಲ್ ಅಂದರೆ ದೊಡ್ಡ ಪಟ್ಟಣ. ಅದೇ ಹೆಬ್ಬೊಳಲಾಗಿ ಈಗ ಹೆಬ್ಬಾಳ ಆಗಿದೆ. ಚರಂಡಿಯ ಮಣ್ಣಿನ ಜೊತೆ ಲಾರಿಗೆ ಏರಿ ಹೋಗಿದ್ದರೆ ಊರಿನ ಹೆಸರಿನ ಈ ಚರಿತ್ರೆಯೂ ಹೋಗುತ್ತಿತ್ತು.

ಹೋಗಲಿಲ್ಲ. ಶಾಸನಗಳ ಉಳಿವಿಗೆ ಓಡಾಡುವ ಹವ್ಯಾಸಿ ಗೆಳೆಯರು ಅದನ್ನು ಗುರುತಿಸಿದರು, ಹೆಬ್ಬಾಳದ ನಿವಾಸಿಗಳು ಮುಂದೆ ನಿಂತರು. ಕಲ್ಲನ್ನು ಬೇರೆಲ್ಲಿಗೂ ಸಾಗಿಸದೆ ಊರಲ್ಲೇ ಅದಕ್ಕೊಂದು ಮಂಟಪ ಆಯಿತು. ನನ್ನ ಮಟ್ಟಿಗೆ ಇದು ಬೆಂಗಳೂರಿನ ಯಾವುದೇ ನಿವಾಸಿಗಳು ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಒಂದು. ಬೇಗೂರಿನ ಕಥೆಯೂ ನಿಮಗೆ ಗೊತ್ತು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಹಿಂದೆ, ಸುಮಾರು 890ರಲ್ಲಿ, 'ಬೆಂಗಳೂರು ಕಾಳಗ' ಅಂತ ಹೆಸರು ಹೇಳುವ ವೀರಗಲ್ಲು ಅಲ್ಲಿಯ ನಾಗನಾಥೇಶ್ವರ ಗುಡಿಯ ಆವರಣದಲ್ಲಿದೆ. ಕೋಟಿ ಜನ ದಿನಾ ಬರೆಯುವ ವಿಳಾಸದ ಮೊದಲ ದಾಖಲೆ ಅದು.

ಆದರೆ ಹೆಬ್ಬಾಳದ ಹಾಗೆ ಎಲ್ಲ ಕಡೆ ಆಗುವುದಿಲ್ಲ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ್ದು 1905ರಲ್ಲಿ. ಆ ಪುಸ್ತಕ ಹಿಡಿದು ಇವತ್ತು ಹುಡುಕಿಕೊಂಡು ಹೋದರೆ ಎಷ್ಟೋ ಕಲ್ಲು ಅಲ್ಲಿಲ್ಲ. "ಹೊಲದ ಬದಿಯಲ್ಲಿ" ಅಂತ ಬರೆದಿದ್ದರೆ ಆ ಹೊಲವೇ ಇಲ್ಲ. ನಾನೇ ನೋಡಿ ಫೋಟೊ ತೆಗೆದಿದ್ದ ಒಂದು ದಾನಶಾಸನ ಪಾದಚಾರಿ ಮಾರ್ಗದ ಕೆಲಸ ಮುಗಿಯುವ ಹೊತ್ತಿಗೆ ಅರ್ಧದವರೆಗೆ ಕಾಂಕ್ರೀಟಿನೊಳಗೆ ಹೋಗಿತ್ತು. ಮೇಲಿನ ನಾಲ್ಕು ಸಾಲು, ರಾಜನ ಬಿರುದುಗಳು, ಕಾಣುತ್ತಿವೆ. ಊರಿನ ಸುದ್ದಿ ಇದ್ದ ಭಾಗ ಕೆಳಗಿದೆ. ಇದು ಯಾರೋ ದ್ವೇಷದಿಂದ ಮಾಡಿದ್ದಲ್ಲ. ಕೆಲಸದವರಿಗೆ ಅದೊಂದು ಅಡ್ಡಬಂದ ಚಪ್ಪಡಿ. ಅದೇನು ಅಂತ ಅವರಿಗೆ ಹೇಳುವವರು ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ.

ಹೇಳುವವರು ಯಾರಿರಬೇಕಿತ್ತು? ಇಲಾಖೆಗಳ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ದೊಡ್ಡ ಗುಡಿಗಳು, ಕೋಟೆಗಳು ಇರುತ್ತವೆ. ಬೀದಿ ಮೂಲೆಯ ಕಲ್ಲುಗಳಲ್ಲಿ ಬಹುಪಾಲಿಗೆ ಆ ರಕ್ಷಣೆ ಇಲ್ಲ. ಸಂಶೋಧಕರು ವರ್ಷಕ್ಕೊಮ್ಮೆ ಬರಬಹುದು. ರಸ್ತೆ ಅಗೆಯುವ ದಿನ ಬೆಳಗ್ಗೆ ಅಲ್ಲಿ ಇರುವವರು ಅಕ್ಕಪಕ್ಕದ ಮನೆಯವರು ಮಾತ್ರ. ಯಾವ ಬೀದಿಯಲ್ಲಿ ಯಾವ ತಿಂಗಳು ಕಾಮಗಾರಿ ಅಂತ ಮೊದಲು ಗೊತ್ತಾಗುವುದು ನಿವಾಸಿಗಳ ಸಂಘಕ್ಕೆ. ಎಂಜಿನಿಯರ್ ಫೋನ್ ನಂಬರ್ ಇರುವುದೂ ಸಂಘದ ಕಾರ್ಯದರ್ಶಿಯ ಹತ್ತಿರವೇ.

ಹಾಗಾಗಿ ಈ ಬರಹ ಓದುವ ಸಂಘದವರಿಗೆ ನನ್ನ ಕೋರಿಕೆ ಇಷ್ಟೇ. ನಿಮ್ಮ ಬಡಾವಣೆಯ ಮೂಲ ಹಳ್ಳಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ರೈಸ್ ಅವರ ಸಂಪುಟದಲ್ಲಿ ಶಾಸನಗಳು ಹಳೆಯ ತಾಲ್ಲೂಕುಗಳ ಪ್ರಕಾರ ಇವೆ, ಕಾಡುಗೋಡಿಯದು ಹೊಸಕೋಟೆಯ ಕೆಳಗೆ ಸಿಗುತ್ತದೆ. ಆಮೇಲೆ ಒಂದು ಭಾನುವಾರ ಬೆಳಗ್ಗೆ ಗುಡಿಯ ಹಿಂದೆ, ಅರಳಿಕಟ್ಟೆಯ ಬುಡ, ಕೆರೆ ಏರಿ, ಹಳೆಯ ಬಾವಿಯ ಸುತ್ತ ನೋಡಿ ಬನ್ನಿ. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. "ಆ ಕಲ್ಲಿಗೆ ನಮ್ಮಜ್ಜಿ ಪೂಜೆ ಮಾಡ್ತಿದ್ಲು" ಅನ್ನುವ ಒಂದು ಮಾತು ಸಾಕು, ಅರ್ಧ ಹುಡುಕಾಟ ಮುಗಿದ ಹಾಗೆ. ಕಲ್ಲು ಸಿಕ್ಕರೆ ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಆಗ ಅಕ್ಷರ ಚೆನ್ನಾಗಿ ಏಳುತ್ತೆ. ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ.

ಮಾಡಬಾರದ್ದೂ ಕೆಲವಿವೆ. ಬಣ್ಣ ಬಳಿಯಬೇಡಿ, ಅಕ್ಷರದೊಳಗೆ ಸೀಮೆಸುಣ್ಣ ತುಂಬಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ, ಆಸಿಡ್ ಹಾಕಬೇಡಿ, ಸಿಮೆಂಟಿನಲ್ಲಿ ಹುಗಿದು ನಿಲ್ಲಿಸಬೇಡಿ. ಗೊತ್ತಿರುವವರನ್ನು ಕೇಳದೆ ಎಬ್ಬಿಸಲೂ ಬೇಡಿ. ಪೂಜೆ ನಡೆಯುತ್ತಿದ್ದರೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಪೂಜೆಯಿಂದಲೇ ಉಳಿದ ಕಲ್ಲುಗಳು ಬಹಳ. ಎಣ್ಣೆಯ ಬದಲು ಹೂವು ಇಡಿ ಅಂತ ಕೇಳಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ. ಕೊನೆಯದಾಗಿ, ಸಂಘದ ನಡಾವಳಿಯಲ್ಲಿ ಒಂದು ಸಾಲು ಬರೆದಿಡಿ: ಈ ಜಾಗದಲ್ಲಿ ಇಂಥ ಶಾಸನ ಇದೆ, ಕಾಮಗಾರಿಗೆ ಮೊದಲು ತಿಳಿಸತಕ್ಕದ್ದು. ಪದಾಧಿಕಾರಿಗಳು ಬದಲಾಗುತ್ತಾರೆ, ಮನೆ ಮಾರಿ ಹೋಗುತ್ತಾರೆ, ಆ ಸಾಲು ಉಳಿದಿರುತ್ತದೆ.

ದಾನಶಾಸನಗಳ ಕೊನೆಯ ಭಾಗ ನಿಮಗೆ ಪರಿಚಯ ಇರಬಹುದು. ಇದನ್ನು ಅಳಿದವರು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಅನ್ನುವ ಶಾಪ. ಸಭೆಗಳಲ್ಲಿ ಇದನ್ನು ಓದಿದರೆ ಎಲ್ಲರೂ ನಗುತ್ತಾರೆ, ಬಾಕಿದಾರರಿಗೂ ಇದನ್ನೇ ಕಳಿಸೋಣ ಅಂತಾರೆ. ಆದರೆ ಶಾಪದ ಪಕ್ಕದಲ್ಲೇ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ದೊಡ್ಡದು ಅನ್ನುವ ಮಾತದು. ಬರೆಸಿದವರಿಗೆ ತಾವು ಹೋದ ಮೇಲೆ ಆ ಜಾಗದಲ್ಲಿ ಯಾರಿರುತ್ತಾರೋ ಗೊತ್ತಿರಲಿಲ್ಲ. ಯಾರೇ ಇರಲಿ, ಅವರನ್ನೇ ಉದ್ದೇಶಿಸಿ ಬರೆಸಿದರು. ಅಗರದಲ್ಲಿ, ಕಾಡುಗೋಡಿಯಲ್ಲಿ, ಹೆಬ್ಬಾಳದಲ್ಲಿ ಈಗ ಇರುವವರು ನೀವು.