ಟೈಟಾನಿಕ್ ಹಡಗಿನ ನಿಸ್ತಂತು ತರುಣ

ಟೈಟಾನಿಕ್ ಮುಳುಗಿದ ವೃತ್ತಾಂತವನ್ನು ಕೇಳದವರು ವಿರಳ. ಆ ಹಡಗಿನ ವೈಭವವನ್ನೂ ಅದರಲ್ಲಿದ್ದ ಕೋಟ್ಯಧೀಶ್ವರರನ್ನೂ ಕುರಿತು ಬೇಕಾದಷ್ಟು ಬರೆದಿದ್ದಾರೆ. ನಾನು ಈ ಹೊತ್ತು ಹೇಳಹೊರಟಿರುವುದು ಅದರ ನಿಸ್ತಂತು ಕೊಠಡಿಯಲ್ಲಿ ಕುಳಿತಿದ್ದ ಜಾಕ್ ಫಿಲಿಪ್ಸ್ ಎಂಬ ತರುಣನ ವಿಚಾರ. ರೇಡಿಯೋವಿನ ಮುಂದೆ ಕುಳಿತು ದೂರದ ಮಾತನ್ನು ಆಲಿಸುವ ತಮಗೆ ಆತನು ತೀರ ಪರಕೀಯನೆನಿಸಲಾರನು.

ಫಿಲಿಪ್ಸನು ಇಂಗ್ಲೆಂಡಿನ ಸರ್ರೆ ಪ್ರಾಂತದವನು. ಗೋಡಲ್ಮಿಂಗ್ ಊರಿನ ಅಂಚೆ ಕಚೇರಿಯಲ್ಲಿ ತಂತಿಯ ಕೆಲಸವನ್ನು ಕಲಿತು, 1906ರಲ್ಲಿ ಮಾರ್ಕೋನಿ ಕಂಪೆನಿಯ ತರಬೇತಿಗೆ ಸೇರಿದನು. 1912ನೆಯ ಏಪ್ರಿಲ್ 11ರಂದು, ಹಡಗು ಐರ್ಲೆಂಡಿನ ತೀರವನ್ನು ಬಿಟ್ಟ ದಿನವೇ, ಆತನಿಗೆ 25 ವರ್ಷ ತುಂಬಿತು. ಸಹಾಯಕನಾದ ಹೆರಾಲ್ಡ್ ಬ್ರೈಡನಿಗೆ 22. ಪ್ರಯಾಣಿಕರ ಖಾಸಗಿ ಸಮಾಚಾರಗಳನ್ನು ಹಣ ಪಡೆದು ಕಳುಹಿಸುವುದೇ ಇವರ ಮುಖ್ಯ ಉದ್ಯೋಗ. ಪ್ರಯಾಣದ ನಡುವೆ ಯಂತ್ರವು ಕೆಟ್ಟು, ಇಬ್ಬರೂ ಗಂಟೆಗಟ್ಟಲೆ ದುಡಿದು ಅದನ್ನು ಸರಿಪಡಿಸಿದ್ದರು. ಆದಕಾರಣ 14ರ ರಾತ್ರಿ ಕೇಪ್ ರೇಸ್ ಠಾಣೆಗೆ ಕಳುಹಿಸಬೇಕಾದುದು ರಾಶಿಬಿದ್ದಿತ್ತು.

ಆ ಗಡಿಬಿಡಿಯಲ್ಲಿ, ಸಮೀಪದ ಕ್ಯಾಲಿಫೋರ್ನಿಯನ್ ಹಡಗಿನಿಂದ, ಹಿಮದ ನಡುವೆ ನಿಂತಿರುವೆವೆಂದು ಸುದ್ದಿ ಬಂದಿತು. ಹತ್ತಿರದ ಸದ್ದು ಕಿವಿಗೆ ಬಡಿಯಿತು. ಸುಮ್ಮನಿರು, ಕೆಲಸದಲ್ಲಿದ್ದೇನೆ ಎಂದು ಫಿಲಿಪ್ಸನು ಗದರಿಸಿದನು. ಆ ಹಡಗಿಗಿದ್ದ ಒಬ್ಬನೇ ನಿಸ್ತಂತುಗಾರನು ಸ್ವಲ್ಪ ಹೊತ್ತಿನ ಮೇಲೆ ಯಂತ್ರವನ್ನು ನಿಲ್ಲಿಸಿ ಮಲಗಿದನು. 11 ಗಂಟೆ 40 ನಿಮಿಷಕ್ಕೆ ಟೈಟಾನಿಕ್ ಹಿಮಪರ್ವತಕ್ಕೆ ತಗುಲಿತು. ಈ ಗದರಿಕೆಗಾಗಿ ಆತನನ್ನು ದೂಷಿಸುವವರುಂಟು. ಆದರೆ ಹಿಮದ ಎಚ್ಚರಿಕೆಗಳು ಅಂದು ಹಗಲಿನಲ್ಲಿಯೇ ಕ್ಯಾಪ್ಟನ್ನನ ಕೈಸೇರಿದ್ದವು. ಹಡಗಿನ ವೇಗವೋ ತಗ್ಗಲಿಲ್ಲ. ತಪ್ಪನ್ನೆಲ್ಲ ದಣಿದ ಹುಡುಗನ ತಲೆಗೆ ಕಟ್ಟುವುದು ನನಗೆ ನ್ಯಾಯವಾಗಿ ತೋರದು.

ಮುಂದಿನ ಎರಡು ಗಂಟೆಗಳೇ ಆತನ ಚರಿತ್ರೆ. ಹಳೆಯ ಸಂಕೇತವಾದ ಸಿ.ಕ್ಯೂ.ಡಿ.ಯನ್ನೂ ಹೊಸದಾದ ಎಸ್.ಓ.ಎಸ್. ಅನ್ನೂ ಬಿಡದೆ ಬಡಿಯುತ್ತಿದ್ದನು. ಸುಮಾರು 58 ಮೈಲಿಗಳಾಚೆ ಕಾರ್ಪೇಥಿಯ ಹಡಗಿನ ನಿಸ್ತಂತುಗಾರನು ಮಲಗಲು ಹೊರಟಿದ್ದವನು, ಕಿವಿಯ ಉಪಕರಣವನ್ನು ಇನ್ನೂ ತೆಗೆದಿರಲಿಲ್ಲ; ಅದರಿಂದಲೇ ಕರೆಯು ಕೇಳಿಸಿತು. ಇಷ್ಟು ಸಣ್ಣ ಆಕಸ್ಮಿಕದಿಂದ ಏಳುನೂರಕ್ಕೂ ಹೆಚ್ಚು ಮಂದಿ ಬದುಕಿದರು. ನಿಮ್ಮ ಕರ್ತವ್ಯ ಮುಗಿಯಿತು, ಇನ್ನು ಹೋಗಬಹುದೆಂದು ಕ್ಯಾಪ್ಟನ್ ಸ್ಮಿತ್ ಬಂದು ಹೇಳಿದ ಮೇಲೆಯೂ, ವಿದ್ಯುಚ್ಛಕ್ತಿ ಕುಂದುತ್ತಿದ್ದರೂ, ಫಿಲಿಪ್ಸನು ಕೆಲವು ನಿಮಿಷ ಕುಳಿತೇ ಇದ್ದನೆಂದು ಬ್ರೈಡನು ತರುವಾಯ ತಿಳಿಸಿದನು. 2 ಗಂಟೆ 20ಕ್ಕೆ ಹಡಗು ಮುಳುಗಿತು. ಬ್ರೈಡನು ಮಗುಚಿದ ದೋಣಿಯೊಂದರ ಆಸರೆಯಿಂದ ಉಳಿದನು. ಫಿಲಿಪ್ಸನು ಉಳಿಯಲಿಲ್ಲ, ದೇಹವೂ ದೊರೆಯಲಿಲ್ಲ.

ಪ್ರಯಾಣಿಕರ ಹಡಗುಗಳಲ್ಲಿ ಹಗಲಿರುಳೂ ನಿಸ್ತಂತು ಕಾವಲಿರಬೇಕೆಂಬ ನಿಯಮವು ಈ ದುರಂತದ ತರುವಾಯ ಹುಟ್ಟಿತು. 1914ರಲ್ಲಿ ಗೋಡಲ್ಮಿಂಗಿನವರು ತಮ್ಮೂರ ಇಗರ್ಜಿಯ ಬಳಿ, ವೇ ನದಿಯ ದಡದಲ್ಲಿ, ಆತನ ಹೆಸರಿನಲ್ಲಿ ಮೊಗಸಾಲೆಯೊಂದನ್ನೂ ಅದರೊಳಗೊಂದು ತೋಟವನ್ನೂ ನಿರ್ಮಿಸಿದರು. ಗರ್ಟ್ರೂಡ್ ಜೀಕಿಲ್ ಎಂಬ ಪ್ರಖ್ಯಾತ ಉದ್ಯಾನಕುಶಲೆಯು ಅಲ್ಲಿಯ ಗಿಡಗಳನ್ನು ಆರಿಸಿಕೊಟ್ಟಳು. ಇಂದಿಗೂ ಊರಿನ ಜನರು ಅಲ್ಲಿ ಬಂದು ಕುಳಿತುಕೊಳ್ಳುತ್ತಾರೆ.